ನಿದ್ದೆ ಕೆಡಿಸುವ ಫೋನ್, ಮಾತ್ರೆ ಮರೆಸುವ ಫೋನ್

ನಿದ್ದೆ ಬರುವುದಿಲ್ಲವೆಂದು ಬರುವವರನ್ನು ನಾನು ಈಗ ಮೊದಲು ಕೇಳುವುದು, ರಾತ್ರಿ ಫೋನ್ ಎಲ್ಲಿಡುತ್ತೀರಿ ಎಂದು. ಹೆಚ್ಚಿನವರ ಉತ್ತರ, ದಿಂಬಿನ ಪಕ್ಕ. “ಫಜ್ರ್‌ಗೆ ಅಲಾರಂ ಬೇಕಲ್ಲ ಡಾಕ್ಟ್ರೇ” ಎನ್ನುತ್ತಾರೆ. ನಿಜವೇ. ಆದರೆ ಆ ಒಂದು ಅಲಾರಂನ ಜೊತೆ ಕುಟುಂಬದ ಗ್ರೂಪು, ಮದ್ರಸಾದ ಗ್ರೂಪು, ಅಂಗಡಿಗಳ ಜಾಹೀರಾತು ಎಲ್ಲವೂ ರಾತ್ರಿಯಿಡೀ ಸದ್ದು ಮಾಡುತ್ತಿರುತ್ತವೆ. ಆರೋಗ್ಯಕ್ಕೆ ಅನಿವಾರ್ಯವೆಂದು ಯುನಾನಿ ಹೇಳುವ ಆರು ಸಂಗತಿಗಳಲ್ಲಿ ನಿದ್ದೆ ಮತ್ತು ಎಚ್ಚರವೂ ಸೇರಿದೆ. ನಿದ್ದೆ ತುಂಡು ತುಂಡಾದರೆ ಯಾವ ಮಾಜೂನೂ ಅದನ್ನು ಜೋಡಿಸಲಾರದು.

ಫೋನ್ ಬಂದ್ ಮಾಡಿ ಮಲಗಿ ಎನ್ನುವುದು ಸುಲಭ. ಮಗಳು ತುಂಬು ಗರ್ಭಿಣಿ, ಮಗ ಗಲ್ಫ್‌ನಲ್ಲಿ ಇರುವಾಗ ಯಾವ ತಾಯಿ ಬಂದ್ ಮಾಡುತ್ತಾಳೆ? ಇದಕ್ಕೆ ‘ಡು ನಾಟ್ ಡಿಸ್ಟರ್ಬ್’ ಇದೆ. ಐಫೋನ್‌ನಲ್ಲಿ ಇದು 2021ರಿಂದ ‘ಫೋಕಸ್’ ಎಂಬ ವಿಭಾಗದಲ್ಲಿದೆ. ಮಲಗುವ ಹೊತ್ತು ನಿಗದಿಪಡಿಸಿ, ನಾಲ್ಕು ಮಂದಿ ಆಪ್ತರ ಕರೆಗಷ್ಟೇ ಅನುಮತಿ ಕೊಡಬಹುದು. ಒಂದು ವ್ಯತ್ಯಾಸ ಮನೆಮಂದಿಗೆಲ್ಲ ಗೊತ್ತಿರಲಿ. ಪಟ್ಟಿಯಲ್ಲಿಲ್ಲದವರು ಮತ್ತೊಮ್ಮೆ ಕರೆದರೆ ಸದ್ದಾಗುವಂತೆ ಎರಡರಲ್ಲೂ ಮಾಡಬಹುದು. ಆದರೆ ಎರಡನೆಯ ಕರೆ ಐಫೋನ್‌ಗೆ 3 ನಿಮಿಷದೊಳಗೆ ಬರಬೇಕು, ಆಂಡ್ರಾಯ್ಡ್‌ಗೆ 15 ನಿಮಿಷದೊಳಗೆ ಬಂದರೆ ಸಾಕು.

ಜಾಹೀರಾತಿನ ಕಾಟಕ್ಕೆ ಆಂಡ್ರಾಯ್ಡ್ ವಾಸಿ. ಸೂಚನೆಯನ್ನು ಒತ್ತಿ ಹಿಡಿದರೆ ಆ ಬಗೆಯದನ್ನು ಮಾತ್ರ ನಿಲ್ಲಿಸಬಹುದು, ಆ್ಯಪ್‌ನ ಉಳಿದ ಸೂಚನೆಗಳು ಬರುತ್ತವೆ. ಐಫೋನ್‌ನಲ್ಲಿ ಈ ವಿಂಗಡಣೆ ಬೇಕಿದ್ದರೆ ಆ್ಯಪ್‌ನೊಳಗೇ ಹುಡುಕಬೇಕು.

ನನಗೆ ಹೆಚ್ಚು ಭಯವಿರುವುದು ಬಾರದ ಸೂಚನೆಯ ಬಗ್ಗೆ. ಸಕ್ಕರೆ ಕಾಯಿಲೆಯ ಹಿರಿಯರೊಬ್ಬರಿಗೆ ಮಗ ಆಂಡ್ರಾಯ್ಡ್ ಫೋನ್‌ನಲ್ಲಿ ಮಾತ್ರೆ ನೆನಪಿಸುವ ಆ್ಯಪ್ ಹಾಕಿಕೊಟ್ಟಿದ್ದ. ರಾತ್ರಿ 8ರ ನೆನಪೋಲೆ ಬೆಳಿಗ್ಗೆ ಫೋನ್ ತೆರೆದಾಗ ಬಂತು. ಅವರು ಎರಡು ಹೊತ್ತಿನ ಮಾತ್ರೆ ಒಟ್ಟಿಗೆ ನುಂಗಿ, ಬೆವರಿ ನಡುಗುತ್ತಾ ನನ್ನಲ್ಲಿಗೆ ಬಂದರು. ಸಕ್ಕರೆ ನೀರು ಕುಡಿಸಿದ ಮೇಲೆ ಚೇತರಿಸಿಕೊಂಡರು, ಅಲ್‌ಹಮ್ದುಲಿಲ್ಲಾಹ್. ಮರೆತ ಮಾತ್ರೆಯನ್ನು ಹೀಗೆ ಸೇರಿಸಿ ನುಂಗಬೇಡಿ, ವೈದ್ಯರನ್ನು ಕೇಳಿ.

ಆದದ್ದಿಷ್ಟು: ಬ್ಯಾಟರಿ ಉಳಿಸಲು ಆಂಡ್ರಾಯ್ಡ್ ಬಳಸದ ಆ್ಯಪ್‌ಗಳನ್ನು ಮಲಗಿಸುತ್ತದೆ. ಕೆಲವು ಕಂಪೆನಿಗಳ ಫೋನ್‌ಗಳಲ್ಲಿ ಇದು ಅತಿಯಾಗಿರುತ್ತದೆ. ಅಝಾನ್ ಆ್ಯಪ್ ತಡವಾಗಿ ಕೂಗುವುದಕ್ಕೂ ಹಲವು ಸಲ ಇದೇ ಕಾರಣ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಬ್ಯಾಟರಿ ವಿಭಾಗ ತೆರೆದು ‘ಅನ್‌ರಿಸ್ಟ್ರಿಕ್ಟೆಡ್’ ಮಾಡಿ. ಐಫೋನ್‌ನಲ್ಲಿ ಸಮಯ ತಪ್ಪುವುದು ಕಡಿಮೆ. ಆದರೆ ಸೂಚನೆಯ ಸದ್ದಿಗೆ 30 ಸೆಕೆಂಡಿನ ಮಿತಿ ಇದೆ, ಪೂರ್ತಿ ಅಝಾನ್ ಕೇಳಿಸದು. ಫೋಕಸ್ ಹಾಕಿದ್ದರೆ ಅದೂ ಮೌನವಾಗಬಹುದು.

ಆದ್ದರಿಂದ ಮಾತ್ರೆಗೂ ಫಜ್ರ್‌ಗೂ ಫೋನಿನ ಸ್ವಂತ ಗಡಿಯಾರದ ಅಲಾರಂ ಇಡಿ. ಐಫೋನ್‌ನಲ್ಲಿ ಅದು ಫೋಕಸ್ ಇದ್ದರೂ ಬಡಿಯುತ್ತದೆ. ಆಂಡ್ರಾಯ್ಡ್‌ನಲ್ಲಿ ಅಲಾರಂಗೆ ಅನುಮತಿ ಇದೆಯೇ, ಅದರ ಸದ್ದು ಜೋರಾಗಿದೆಯೇ ಎಂದು ಒಮ್ಮೆ ನೋಡಿ. ಇವತ್ತು ಇಶಾ ನಂತರ ಮನೆಯ ಹಿರಿಯರ ಫೋನ್ ತೆಗೆದುಕೊಂಡು, ಐದು ನಿಮಿಷ ಮುಂದಕ್ಕೆ ಅಲಾರಂ ಇಟ್ಟು, ಡು ನಾಟ್ ಡಿಸ್ಟರ್ಬ್ ಹಾಕಿ, ಪರದೆ ಆರಿಸಿ, ಅವರ ಪಕ್ಕದಲ್ಲೇ ಕುಳಿತು ಕಾಯಿರಿ.