ಆಯ್ಲರನ 41

ಯಾವುದಾದರೊಂದು ಸಂಖ್ಯೆಯ ವರ್ಗಕ್ಕೆ ಅದೇ ಸಂಖ್ಯೆಯನ್ನು ಕೂಡಿ, ಮೇಲೆ 41 ಸೇರಿಸಿ. ಸೊನ್ನೆಗೆ 41 ಬರುತ್ತದೆ, 1ಕ್ಕೆ 43, 2ಕ್ಕೆ 47, 3ಕ್ಕೆ 53. ಇನ್ನೂ ಮುಂದೆ ಹೋದರೆ 10ಕ್ಕೆ 151, 20ಕ್ಕೆ 461, 39ಕ್ಕೆ 1601. ಬಂದದ್ದೆಲ್ಲ ಅವಿಭಾಜ್ಯ ಸಂಖ್ಯೆಗಳೇ. ಸೊನ್ನೆಯಿಂದ 39ರವರೆಗಿನ ನಲವತ್ತು ಸಂಖ್ಯೆಗಳಲ್ಲಿ ಒಂದಕ್ಕೂ ಸೂತ್ರ ಹುಸಿಯಾಗುವುದಿಲ್ಲ. ಹೀಗೆ ಒಂದು ಅಕ್ಷರದ ಘಾತಗಳನ್ನು ಸಂಖ್ಯೆಗಳಿಂದ ಗುಣಿಸಿ ಕೂಡಿದ ಉಕ್ತಿಯೇ ಬಹುಪದೋಕ್ತಿ. ನಮ್ಮದು ಕ² + ಕ + 41. ಇದರ ಸೋದರ ರೂಪವಾದ ಕ² − ಕ + 41 ಅನ್ನು ಸ್ವಿಟ್ಜರ್ಲೆಂಡಿನ ಲಿಯೊನಾರ್ಡ್ ಆಯ್ಲರ್ 1772ರಲ್ಲಿ ಗುರುತಿಸಿದ್ದ.

40ಕ್ಕೆ ಏನಾಗುತ್ತದೆ? 40² + 40 ಅಂದರೆ 40 × 41. ಅದಕ್ಕೆ ಇನ್ನೊಂದು 41 ಸೇರಿದರೆ 41 × 41, ಅಂದರೆ 1681. ಅಲ್ಲಿಗೆ ಸರಣಿ ಮುರಿಯಿತು. 41 ಹಾಕಿದರೆ 41 × 43, ಮತ್ತೆ ಮುರಿಯಿತು.

ಹಾಗಾದರೆ ಇನ್ನೂ ಜಾಣತನದ, ಎಂದೂ ಮುರಿಯದ ಬಹುಪದೋಕ್ತಿಯನ್ನು ಹುಡುಕಬಹುದಲ್ಲವೇ? ಪೂರ್ಣಾಂಕ ಸಹಗುಣಕಗಳ, ಒಂದೇ ಅಕ್ಷರದ ಬಹುಪದೋಕ್ತಿಯಿಂದ ಅದು ಆಗದ ಮಾತು ಎಂದು ಆಯ್ಲರನ ಪತ್ರಮಿತ್ರ ಗೋಲ್ಡ್‌ಬಾಕ್ ತೋರಿಸಿದ್ದ. ಕಾರಣ ಹೈಸ್ಕೂಲಿನ ಗಣಿತಕ್ಕೇ ನಿಲುಕುತ್ತದೆ. 3ಕ್ಕೆ ನಮ್ಮ ಸೂತ್ರ 53 ಕೊಟ್ಟಿತು. ಈಗ 3ರ ಜಾಗದಲ್ಲಿ 3 + 53 ಹಾಕಿ. ಆವರಣ ಬಿಡಿಸಿದಾಗ ಹೊಸದಾಗಿ ಹುಟ್ಟುವ ಪ್ರತಿ ಪದದಲ್ಲೂ 53 ಗುಣಕವಾಗಿ ಕೂತಿರುತ್ತದೆ. ಉಳಿಯುವುದು ಹಳೆಯ ಬೆಲೆ, ಅದೂ 53ನೇ. ಹೀಗಾಗಿ ಒಟ್ಟು ಮೊತ್ತ 53ರಿಂದ ಭಾಗವಾಗಲೇಬೇಕು. ಲೆಕ್ಕ ಮಾಡಿ ನೋಡಿ: 56² + 56 + 41 = 3233 = 53 × 61. ಘನವಿರಲಿ, ನೂರನೆಯ ಘಾತವಿರಲಿ, ಈ ವಾದ ಬದಲಾಗುವುದಿಲ್ಲ. ಒಮ್ಮೆ ಅವಿಭಾಜ್ಯ ಕೊಟ್ಟ ಬಹುಪದೋಕ್ತಿ ಮುಂದೆ ಅದೇ ಅವಿಭಾಜ್ಯದ ದೊಡ್ಡ ಅಪವರ್ತ್ಯಗಳನ್ನೂ ಕೊಟ್ಟೇ ಕೊಡುತ್ತದೆ.

ಸೋಲು ಖಚಿತ ಎಂದ ಮೇಲೆ ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಆ ನಲವತ್ತು ಗೆಲುವುಗಳೇ. 41ರ ಜಾಗದಲ್ಲಿ 2, 3, 5, 11, 17 ಇಟ್ಟರೂ ಸರಣಿ ಹೀಗೆಯೇ ಸಾಧ್ಯವಾದಷ್ಟು ದೂರ ಸಾಗುತ್ತದೆ. 17 ಇಟ್ಟರೆ ಹದಿನಾರು ಅವಿಭಾಜ್ಯಗಳು ಸಾಲಾಗಿ ಬರುತ್ತವೆ. ಆದರೆ 41ರ ಆಚೆಗೆ ಅಂಥ ಸಂಖ್ಯೆ ಇನ್ನೊಂದಿಲ್ಲ. ಗುಟ್ಟು ಇರುವುದು 4 × 41 − 1 ಅಂದರೆ 163ರಲ್ಲಿ: ಋಣ 163ರ ವರ್ಗಮೂಲವನ್ನು ಸೇರಿಸಿಕೊಂಡು ಕಟ್ಟಿದ ಸಂಖ್ಯಾಲೋಕದಲ್ಲೂ ಅಪವರ್ತನ ಒಂದೇ ಬಗೆಯಲ್ಲಿ ಸಾಧ್ಯ. ಈ ಗುಣವುಳ್ಳ ಸಂಖ್ಯೆಗಳಲ್ಲಿ 163ಕ್ಕಿಂತ ದೊಡ್ಡದಿಲ್ಲ ಎಂದು 1952ರಲ್ಲಿ ಸಾಧಿಸಿದವರು ಜರ್ಮನಿಯ ಕುರ್ಟ್ ಹೇಗ್ನರ್. ವಿಶ್ವವಿದ್ಯಾಲಯದ ಹುದ್ದೆಯಿಲ್ಲದ ಈ ಶಾಲಾ ಮೇಷ್ಟರ ಸಾಧನೆಯಲ್ಲಿ ಲೋಪವಿದೆಯೆಂದು ಪಂಡಿತರು ಪಕ್ಕಕ್ಕಿಟ್ಟರು. 1960ರ ದಶಕದ ಕೊನೆಗೆ ಬೇಕರ್ ಮತ್ತು ಸ್ಟಾರ್ಕ್ ಬೇರೆ ಬೇರೆಯಾಗಿ ಅದನ್ನೇ ಸಾಧಿಸಿದರು. ಹೇಗ್ನರರದೂ ಬಹುಮಟ್ಟಿಗೆ ಸರಿಯೇ ಎಂದು ಸ್ಟಾರ್ಕ್ ತೋರಿಸಿದರು. ಅಷ್ಟರಲ್ಲಿ, 1965ರಲ್ಲೇ, ಹೇಗ್ನರ್ ತೀರಿಕೊಂಡಿದ್ದರು.

ಇಷ್ಟೆಲ್ಲ ಒಂದೇ ಅಕ್ಷರದ ಕಥೆ. ಅಕ್ಷರಗಳು ಹೆಚ್ಚಿದರೆ ಬಹುಪದೋಕ್ತಿಯ ಶಕ್ತಿ ಊಹೆಗೂ ಮೀರಿ ಬೆಳೆಯುತ್ತದೆ. ರಷ್ಯಾದ ಯೂರಿ ಮತಿಯಾಸೆವಿಚ್ 1970ರಲ್ಲಿ ಸಾಧಿಸಿದ ಫಲಿತಾಂಶದ ಬಲದಿಂದ ಜೋನ್ಸ್, ಸಾಟೊ, ವಾಡಾ, ವೀನ್ಸ್ ಎಂಬ ನಾಲ್ವರು 1976ರಲ್ಲಿ ಇಂಗ್ಲಿಷಿನ 26 ಅಕ್ಷರಗಳನ್ನೂ ಬಳಸಿ ಒಂದು ಬಹುಪದೋಕ್ತಿ ಬರೆದೇಬಿಟ್ಟರು. ಅಕ್ಷರಗಳಿಗೆ ಋಣವಲ್ಲದ ಪೂರ್ಣಾಂಕಗಳನ್ನು ಹಾಕಿದಾಗ ಅದರಿಂದ ಬರುವ ಧನ ಬೆಲೆಗಳೆಲ್ಲ ಅವಿಭಾಜ್ಯ, ಮತ್ತು ಒಂದು ಅವಿಭಾಜ್ಯವೂ ಅದರಿಂದ ತಪ್ಪಿಸಿಕೊಳ್ಳುವುದಿಲ್ಲ.

ಗೋಲ್ಡ್‌ಬಾಕನ ಮಾತಿಗೆ ಇದರಿಂದ ಧಕ್ಕೆಯಿಲ್ಲ, ಏಕೆಂದರೆ ಋಣ ಬೆಲೆಗಳನ್ನು ಇಲ್ಲಿ ಲೆಕ್ಕಕ್ಕೇ ಹಿಡಿದಿಲ್ಲ. ಉಕ್ತಿಯ ರಚನೆಯಲ್ಲೇ ಒಂದು ಚಮತ್ಕಾರವಿದೆ. ಅದು ಎರಡು ಭಾಗಗಳ ಗುಣಲಬ್ಧ: ಒಂದು ಕ + 2, ಇನ್ನೊಂದು ಹಲವು ವರ್ಗಗಳ ಮೊತ್ತವನ್ನು 1ರಿಂದ ಕಳೆದದ್ದು. ಆ ವರ್ಗಗಳೆಲ್ಲ ಸೊನ್ನೆಯಾದರೆ ಮಾತ್ರ ಉತ್ತರ ಧನ, ಆಗ ಅದು ಕ + 2. ವರ್ಗಗಳ ಒಳಗೆ ಅಡಗಿಸಿಟ್ಟಿರುವುದು ವಿಲ್ಸನ್ ಪ್ರಮೇಯದ ಪರೀಕ್ಷೆ: 1ರಿಂದ 6ರವರೆಗೆ ಗುಣಿಸಿ 1 ಕೂಡಿದರೆ 721, ಅದು 7ರಿಂದ ಭಾಗವಾಗುತ್ತದೆ, ಹಾಗಾಗಿ 7 ಅವಿಭಾಜ್ಯ. 1ರಿಂದ 5ರವರೆಗೆ ಹಾಗೆಯೇ ಮಾಡಿದರೆ 121, ಅದು 6ರಿಂದ ಭಾಗವಾಗದು. ಇಪ್ಪತ್ತು ಅಂಕಿಗಳ ಸಂಖ್ಯೆಯೊಂದನ್ನು ಹೀಗೆ ಪರೀಕ್ಷಿಸಲು ಕೂತರೆ ಗುಣಾಕಾರ ಮುಗಿಯುವಷ್ಟರಲ್ಲಿ, ವರ್ಗಮೂಲದವರೆಗಿನ ಪ್ರತಿ ಸಂಖ್ಯೆಯಿಂದಲೂ ಭಾಗಿಸಿ ನೋಡುವ ಹಳೆಯ ಮೊಂಡು ವಿಧಾನವೇ ಎಷ್ಟೋ ಮೊದಲು ಉತ್ತರ ಕೊಟ್ಟಿರುತ್ತದೆ.