ಜುಗುಪ್ಸೆಯ ನೆಲೆ: ಜನ್ನನ ‘ಯಶೋಧರ ಚರಿತೆ’ಯ ಓದು

ಮೆಚ್ಚಬಹುದಾದ ಪಾತ್ರಗಳೇ ವಿರಳವಾದ, ಕೊಲೆ ಕ್ರೌರ್ಯಗಳಿಂದ ತುಂಬಿದ ಕಥನವನ್ನು ಓದುಗನು ಹೇಗೆ ಎದುರುಗೊಳ್ಳಬೇಕು? ಇಂದು ಅಪರಾಧ ಕಾದಂಬರಿಗಳ ಸಂದರ್ಭದಲ್ಲಿ ಏಳುವ ಈ ಪ್ರಶ್ನೆಯನ್ನು ಕನ್ನಡದಲ್ಲಿ ಬಹು ಹಿಂದೆಯೇ ಎಬ್ಬಿಸಿದ ಕೃತಿ ಜನ್ನನ ‘ಯಶೋಧರ ಚರಿತೆ’ (ಕ್ರಿ.ಶ. 1209). ನಾಲ್ಕು ಅವತಾರಗಳ ಈ ಕಾವ್ಯ ಬಹುಮಟ್ಟಿಗೆ ಕಂದಪದ್ಯಗಳಲ್ಲಿದೆ. ಮೌದಾ, ನಾಗಪುರಗಳ ಕಡೆಯ ಸಂಶೋಧಕರಿಗೆ ಇದರ ವಸ್ತುವನ್ನು ಪ್ರವೇಶಿಸಲು ವಿದರ್ಭದಲ್ಲಿಯೇ ಒಂದು ದಾರಿಯಿದೆ. ಇದೇ ಕಥೆಯನ್ನು ಹತ್ತನೆಯ ಶತಮಾನದಲ್ಲಿ ಪುಷ್ಪದಂತನು ಮಾನ್ಯಖೇಟದಲ್ಲಿ, ಎಂದರೆ ಇಂದಿನ ಮಳಖೇಡದಲ್ಲಿ, ‘ಜಸಹರಚರಿಉ’ ಎಂದು ಅಪಭ್ರಂಶದಲ್ಲಿ ರಚಿಸಿದನು. ಅದು ಪಿ. ಎಲ್. ವೈದ್ಯರ ಸಂಪಾದನೆಯಲ್ಲಿ 1931ರಲ್ಲಿ ಕಾರಂಜಾದ ಜೈನ ಗ್ರಂಥಮಾಲೆಯಲ್ಲಿ ಪ್ರಕಟವಾಯಿತು.

ಜನ್ನನ ಕಥಾಸಾರವಿಷ್ಟು: ಉಜ್ಜಯಿನಿಯ ರಾಣಿ ಅಮೃತಮತಿ ಇರುಳಿನ ಹಾಡಿಗೆ ಮನಸೋತು ವಿಕಾರರೂಪಿಯಾದ ಮಾವುತ ಅಷ್ಟಾವಂಕನನ್ನು ಸೇರುತ್ತಾಳೆ; ತಡವಾಗಿ ಬಂದುದಕ್ಕೆ ಅವನಿಂದ ಹೊಡೆತ ತಿನ್ನುತ್ತಾಳೆ. ಮರೆಯಲ್ಲಿ ಇದನ್ನು ಕಂಡ ರಾಜ ಯಶೋಧರನು ಕತ್ತಿಯೆತ್ತಿಯೂ ತಡೆದುಕೊಳ್ಳುತ್ತಾನೆ. ಕಂಡದ್ದನ್ನು ಕೆಟ್ಟ ಕನಸೆಂದು ತಾಯಿ ಚಂದ್ರಮತಿಗೆ ಹೇಳುತ್ತಾನೆ. ಆಕೆ ಬಲಿಯನ್ನು ಒತ್ತಾಯಿಸಲು, ಜೀವವಧೆಗೆ ಒಪ್ಪದೆ ಹಿಟ್ಟಿನ ಹುಂಜವನ್ನು ಕಡಿಯುತ್ತಾನೆ, ಹುಂಜ ಕೂಗುತ್ತದೆ. ಅನಂತರ ರಾಣಿ ಗಂಡನನ್ನೂ ಅತ್ತೆಯನ್ನೂ ವಿಷವಿಕ್ಕಿ ಕೊಲ್ಲುತ್ತಾಳೆ.

ಪತ್ತೇದಾರಿ ಕಾದಂಬರಿಯಲ್ಲಿ ಕೊಲೆಗಾರನು ಸಿಕ್ಕಿಬಿದ್ದೊಡನೆ ಓದುಗನು ನಿಶ್ಚಿಂತನಾಗುತ್ತಾನೆ. ಇಲ್ಲಿ ಕೊಲೆಗಾರ್ತಿ ಯಾರೆಂಬುದು ಗುಟ್ಟಲ್ಲ, ನಿಶ್ಚಿಂತೆಯೂ ಇಲ್ಲ. ಏಕೆಂದರೆ ಕೊಲೆಯಾದವರೇ ಹಿಟ್ಟಿನ ಹುಂಜವನ್ನು ಬಲಿಗೊಟ್ಟ ಸಂಕಲ್ಪಹಿಂಸೆಗಾಗಿ ನವಿಲು, ನಾಯಿ ಮೊದಲಾದ ಜನ್ಮಗಳಲ್ಲಿ ನವೆಯುತ್ತಾರೆ; ಕೊನೆಗೆ ಯಶೋಧರನ ಮಗನಾದ ಯಶೋಮತಿಯ ಅವಳಿ ಮಕ್ಕಳಾಗಿ ಹುಟ್ಟುತ್ತಾರೆ. ಮಾರಿಯ ಗುಡಿಯಲ್ಲಿ ತಮ್ಮನ್ನು ಬಲಿಕೊಡಲು ಸಿದ್ಧನಾದ ಮಾರಿದತ್ತನಿಗೆ ಈ ಕಥೆಯನ್ನೆಲ್ಲ ಹೇಳುವವನು ಆ ಅವಳಿಗಳಲ್ಲಿ ಒಬ್ಬನಾದ ಅಭಯರುಚಿ. ಹತನಾದವನೇ ನಿರೂಪಕ, ಕೊಲ್ಲಲು ನಿಂತವನೇ ಶ್ರೋತೃ. ಈ ರಚನೆಯೇ ಕಾವ್ಯದ ಜೀವಾಳವೆಂದು ನಾವು ಭಾವಿಸುತ್ತೇವೆ. ಅನ್ಯರ ಪಾಪದ ಬಗೆಗೆ ಹುಟ್ಟಿದ ಜುಗುಪ್ಸೆ ಕೇಳುವವನ ಕೈಯ ಕತ್ತಿಯ ಕಡೆಗೆ ತಿರುಗುತ್ತದೆ. ಮಾರಿದತ್ತನು ಹಿಂಸೆಯನ್ನು ತೊರೆಯುತ್ತಾನೆ.

ಆದರೆ ಈ ನ್ಯಾಯ ಎಲ್ಲರಿಗೂ ಸಮನಾಗಿಲ್ಲ. ತಾಯಿ ಮಕ್ಕಳಿಗೆ ಜನ್ಮಾಂತರಗಳ ಕೊನೆಯಲ್ಲಿ ಬಿಡುಗಡೆಯ ದಾರಿ ತೆರೆಯುತ್ತದೆ, ಅಮೃತಮತಿಗೆ ದೊರೆಯುವುದು ನರಕ. ತನ್ನ ಕಥೆಯನ್ನು ತಾನೇ ಹೇಳುವ ಅವಕಾಶ ಅವಳಿಗಿಲ್ಲ. ಅವಳನ್ನು ನಾವು ಕಾಣುವುದು ನೊಂದ ಗಂಡನ ನೆನಪಿನ ಮೂಲಕ ಮಾತ್ರ. ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ (1980) ನಾಟಕ ರಾಣಿಗೆ ಸ್ವಂತ ಮಾತು ಕೊಟ್ಟು ಈ ಕೊರತೆಯನ್ನೇ ಕೆಣಕಿತು. ಆದುದರಿಂದ ಪಾತ್ರಗಳು ಹೇಸಿಗೆ ಹುಟ್ಟಿಸುತ್ತವೆಂದು ಇಂಥ ಕೃತಿಯನ್ನು ತಳ್ಳಿಹಾಕುವುದೂ, ನೀತಿಬೋಧೆಯಿದೆಯೆಂದು ಪೂರ್ಣವಾಗಿ ಒಪ್ಪುವುದೂ ಸಾಲದು. ಹೇಸಿಗೆಯನ್ನು ಹುಟ್ಟಿಸುತ್ತಿರುವ ದನಿ ಯಾರದು, ಆ ದನಿಗೆ ಯಾರ ಮಾತು ಕೇಳಿಸಿಲ್ಲ ಎಂಬುದನ್ನು ವಿಚಾರಿಸುವುದು ಓದಿನ ಮೊದಲ ಹೊಣೆ.