ಉಸಿರಿನೊಡನೆ ಒಳಹೊಕ್ಕ ಧೂಳು

1870ನೆಯ ಇಸವಿಯ ಜನವರಿ ತಿಂಗಳಲ್ಲಿ ಜಾನ್ ಟಿಂಡಲ್ ಎಂಬ ಭೌತವಿಜ್ಞಾನಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಧೂಳು ಮತ್ತು ರೋಗಗಳನ್ನು ಕುರಿತು ಉಪನ್ಯಾಸ ಮಾಡಿದನು. ಹಳೆಯ ಹೆಂಚಿನ ಮನೆಗಳಲ್ಲಿ ಬೆಳಕಿಂಡಿಯಿಂದ ಇಳಿಯುವ ಬಿಸಿಲುಕೋಲನ್ನು ನೋಡಿದವರಿಗೆ ಅವನ ಪ್ರಯೋಗ ಸುಲಭವಾಗಿ ಅರ್ಥವಾಗುತ್ತದೆ. ಆ ಕೋಲು ನಮ್ಮ ಕಣ್ಣಿಗೆ ಕಾಣುವುದು ಅದರೊಳಗೆ ತೇಲುವ ಧೂಳಿನ ಕಣಗಳು ಬೆಳಕನ್ನು ಚೆದರಿಸುವುದರಿಂದ. ಧೂಳೇ ಇಲ್ಲದ ಗಾಳಿಯಲ್ಲಿ ಬೆಳಕು ಹಾಯ್ದು ಹೋದರೂ ಪಕ್ಕದಲ್ಲಿ ನಿಂತವನಿಗೆ ಅಲ್ಲಿ ಕತ್ತಲೆಯೇ ಕಾಣುವುದು.

ಟಿಂಡಲ್ ಕತ್ತಲೆಯ ಕೋಣೆಯಲ್ಲಿ ಪ್ರಖರವಾದ ಬೆಳಕಿನ ಕೋಲನ್ನು ಹಾಯಿಸಿ, ಬೆಚ್ಚಗೆ ಮಾಡಿದ ಗಾಜಿನ ಕೊಳವೆಯ ಮೂಲಕ ಅದರ ಮೇಲೆ ಉಸಿರನ್ನು ಬಿಟ್ಟನು. ಉಸಿರಿನ ತೇವ ಮಂಜಾಗಿ ಕಣ್ಣನ್ನು ವಂಚಿಸಬಾರದೆಂದು ಕೊಳವೆಯನ್ನು ಕಾಯಿಸಿದ್ದನು. ಮೊದಲು ಹೊರಬಂದ ಗಾಳಿಯಿಂದ ಹೆಚ್ಚಿನ ವ್ಯತ್ಯಾಸವಾಗಲಿಲ್ಲ. ಆದರೆ ಉಸಿರು ಮುಗಿಯುತ್ತ ಬಂದಂತೆ ಬೆಳಕಿನ ಕೋಲಿನ ನಡುವೆ ಕಪ್ಪು ರಂಧ್ರವೊಂದು ತೆರೆದುಕೊಂಡಿತು. ಎದೆಯ ಆಳದಿಂದ ಕೊನೆಗೆ ಬಂದ ಗಾಳಿಯಲ್ಲಿ ಕಾಣುವಷ್ಟು ಧೂಳು ಉಳಿದಿರಲಿಲ್ಲ. ಒಳಗೆ ಹೋದದ್ದು ಧೂಳಿನ ಗಾಳಿ. ಹೊರಗೆ ಬಂದದ್ದು ಶುದ್ಧವಾದ ಗಾಳಿ. ಹಾಗಾದರೆ ಧೂಳು ಎಲ್ಲಿ ಹೋಯಿತು?

ಉತ್ತರಕ್ಕಾಗಿ ಗಾಳಿ ಸಾಗುವ ದಾರಿಯನ್ನು ನೋಡಬೇಕು. ಶ್ವಾಸಕೋಶಕ್ಕೆ ತಾನಾಗಿ ಹಿಗ್ಗುವ ಶಕ್ತಿಯಿಲ್ಲ. ಎದೆಗೂಡಿನ ತಳದಲ್ಲಿ ಕಮಾನಿನಂತೆ ಮೇಲಕ್ಕೆ ಬಾಗಿರುವ ವಪೆ ಎಂಬ ಸ್ನಾಯುವಿನ ಪೊರೆ ಕೆಳಕ್ಕೆ ಇಳಿಯುತ್ತದೆ, ಪಕ್ಕೆಲುಬುಗಳು ಮೇಲೇಳುತ್ತವೆ. ಎದೆಗೂಡಿನ ಗಾತ್ರ ಹೆಚ್ಚಿ, ಒಳಗಿನ ಒತ್ತಡ ಹೊರಗಿನ ವಾಯುವಿನ ಒತ್ತಡಕ್ಕಿಂತ ತುಸು ಕಡಮೆಯಾಗುತ್ತದೆ. ಇದು ನೀವು ತರಗತಿಯಲ್ಲಿ ಓದಿದ ಬಾಯಲನ ನಿಯಮವೇ. ಶಾಂತವಾಗಿ ಕುಳಿತಿರುವಾಗ ಈ ವ್ಯತ್ಯಾಸ ಪಾದರಸದ 1 ಮಿಲಿಮೀಟರಿನಷ್ಟು ಮಾತ್ರ. ಆದರೂ ಅರ್ಧ ಲೀಟರು ಗಾಳಿಯನ್ನು ಒಳಗೆಳೆಯಲು ಅಷ್ಟು ಸಾಕು. ನಿಮಿಷಕ್ಕೆ 15 ಸಲದಂತೆ ಲೆಕ್ಕ ಹಾಕಿದರೆ ದಿನಕ್ಕೆ 10,000 ಲೀಟರಿಗೂ ಮಿಕ್ಕಿದ ಗಾಳಿ ನಮ್ಮೊಳಗೆ ಬಂದು ಹೋಗುತ್ತದೆ.

ಒಳಹೊಕ್ಕ ಗಾಳಿ ಮೂಗು, ಗಂಟಲುಗಳನ್ನು ದಾಟಿ ಶ್ವಾಸನಾಳಕ್ಕೆ ಬರುತ್ತದೆ. ಆ ನಾಳ ಎರಡಾಗಿ, ಎರಡು ನಾಲ್ಕಾಗಿ, ಮರದ ಕೊಂಬೆಗಳಂತೆ ಸುಮಾರು 23 ಸಲ ಕವಲೊಡೆಯುತ್ತದೆ. ಕೊನೆಯ ಕವಲುಗಳ ಸುತ್ತ ದ್ರಾಕ್ಷಿಯ ಗೊಂಚಲಿನಂತೆ ಕೋಟಿಗಟ್ಟಲೆ ಗಾಳಿಗೂಡುಗಳಿವೆ. ಒಂದೊಂದರ ಅಡ್ಡಳತೆ ಮಿಲಿಮೀಟರಿನ ಐದನೆಯ ಒಂದು ಭಾಗ. ಇವುಗಳ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್ ಆಗುತ್ತದೆ, ಎಂದರೆ ಬ್ಯಾಡ್ಮಿಂಟನ್ ಅಂಕಣಕ್ಕಿಂತ ಸ್ವಲ್ಪವೇ ಕಡಮೆ. ನಮ್ಮ ಚರ್ಮದ ವಿಸ್ತಾರ 2 ಚದರ ಮೀಟರನ್ನು ಮುಟ್ಟುವುದೇ ಕಷ್ಟವೆಂಬುದನ್ನು ನೆನೆದರೆ, ಹೊರಗಿನ ಜಗತ್ತಿಗೆ ನಾವು ಹೆಚ್ಚಾಗಿ ತೆರೆದುಕೊಂಡಿರುವುದು ಎಲ್ಲಿ ಎಂಬುದು ಗೊತ್ತಾಗುತ್ತದೆ. ಅಲ್ಲಿ ಗಾಳಿಗೂ ರಕ್ತಕ್ಕೂ ನಡುವೆ ಇರುವ ಪೊರೆಯ ದಪ್ಪ ಮಿಲಿಮೀಟರಿನ ಸಾವಿರದ ಒಂದು ಭಾಗವೂ ಇಲ್ಲ. ಆಮ್ಲಜನಕ ಒಳಕ್ಕೆ, ಇಂಗಾಲದ ಡೈಆಕ್ಸೈಡ್ ಹೊರಕ್ಕೆ ದಾಟಲು ಅಷ್ಟು ತೆಳುವಾದ ಪೊರೆಯೇ ಬೇಕು.

ಕವಲೊಡೆದಂತೆ ಒಂದೊಂದು ನಾಳವೂ ಕಿರಿದಾದರೂ ಅವುಗಳ ಸಂಖ್ಯೆ ಹೆಚ್ಚುವುದರಿಂದ ಒಟ್ಟು ಹಾದಿ ಅಗಲವಾಗುತ್ತ ಹೋಗುತ್ತದೆ. ಶ್ವಾಸನಾಳದ ಅಡ್ಡಕೊಯ್ತದ ವಿಸ್ತೀರ್ಣ ಎರಡೂವರೆ ಚದರ ಸೆಂಟಿಮೀಟರ್. ಅಲ್ಲಿ ಗಾಳಿಯ ವೇಗ ಸೆಕೆಂಡಿಗೆ ಸುಮಾರು 1 ಮೀಟರ್. ತುದಿಯ ಕವಲುಗಳನ್ನೆಲ್ಲ ಕೂಡಿಸಿದರೆ ವಿಸ್ತೀರ್ಣ 1 ಚದರ ಮೀಟರಿನ ಸಮೀಪಕ್ಕೆ ಬರುತ್ತದೆ. ವೇಗ ಸೆಕೆಂಡಿಗೆ ಕಾಲು ಮಿಲಿಮೀಟರಿಗೆ ಇಳಿಯುತ್ತದೆ. ರಭಸದಿಂದ ಬಂದ ಹಳ್ಳ ಕೆರೆಯನ್ನು ಸೇರಿ ನಿಂತಂತೆ ಇದು. ಕೆರೆಯಲ್ಲಿ ಹೂಳು ಎಲ್ಲಿ ಕೂರುತ್ತದೆಂಬುದು ನಮ್ಮ ನಾಡಿನ ರೈತರೆಲ್ಲರಿಗೂ ಗೊತ್ತು.

ಆದರೆ ಎಲ್ಲ ಧೂಳೂ ಅಲ್ಲಿಯ ತನಕ ಬರಲಾರದು. ಮಿಲಿಮೀಟರಿನ ಸಾವಿರದ ಒಂದು ಭಾಗವನ್ನು ಮೈಕ್ರಾನ್ ಎನ್ನುತ್ತಾರೆ; ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಬಸ್ಸು ತಿರುವಿನಲ್ಲಿ ಹೊರಳಿದಾಗ ನಿಂತ ಪ್ರಯಾಣಿಕರು ಒಂದು ಕಡೆಗೆ ವಾಲುವಂತೆ, ಹತ್ತು ಮೈಕ್ರಾನಿಗಿಂತ ದೊಡ್ಡ ಕಣಗಳು ಮೂಗು, ಗಂಟಲುಗಳ ತಿರುವುಗಳಲ್ಲಿ ಗಾಳಿಯೊಡನೆ ಹೊರಳಲಾರದೆ ಗೋಡೆಗೆ ಬಡಿದು ಅಂಟಿಕೊಳ್ಳುತ್ತವೆ. ನಮ್ಮನ್ನು ಸೀನಿಸುವುದೂ ಕೆಮ್ಮಿಸುವುದೂ ಹೆಚ್ಚಾಗಿ ಇಂಥ ದೊಡ್ಡ ಕಣಗಳೇ. ಇವು ಕಿರುಕುಳ ಕೊಟ್ಟು ಹೋಗುವ ಧೂಳು. ಭಯಪಡಬೇಕಾದದ್ದು ಬೇರೆ ಇದೆ.

ಹರಳೆಣ್ಣೆ ತುಂಬಿದ ಎತ್ತರದ ಪಾತ್ರೆಯಲ್ಲಿ ಉಕ್ಕಿನ ಗುಂಡುಗಳನ್ನು ಬಿಟ್ಟು, ಅವು ಬೀಳುವ ವೇಗವನ್ನು ಅಳೆಯುವ ಪ್ರಯೋಗವನ್ನು ನಾವು ಕಾಲೇಜಿನಲ್ಲಿ ಮಾಡಿಸುತ್ತೇವೆ. ಅಂಕಗಳಿಗಾಗಿ ಮಾಡುವ ಈ ಪ್ರಯೋಗದಲ್ಲಿ ಜೀವಕ್ಕೆ ಸಂಬಂಧಿಸಿದ ಮಾತೊಂದು ಅಡಗಿದೆಯೆಂದು ಬಹು ಮಂದಿ ವಿದ್ಯಾರ್ಥಿಗಳು ಊಹಿಸುವುದಿಲ್ಲ. ಸ್ಟೋಕ್ಸನ ನಿಯಮದಂತೆ ಗುಂಡಿನ ವೇಗ ಅದರ ವ್ಯಾಸದ ವರ್ಗಕ್ಕೆ ಅನುಗುಣವಾದದ್ದು. ವ್ಯಾಸ ಹತ್ತರಲ್ಲೊಂದು ಪಾಲಾದರೆ ವೇಗ ನೂರರಲ್ಲೊಂದು ಪಾಲಾಗುತ್ತದೆ. ಗಾಳಿಯಲ್ಲಿ ಬೀಳುವ ಕಲ್ಲಿನ ಕಣಗಳಿಗೂ ಇದೇ ನಿಯಮ. ಬೆಣಚುಕಲ್ಲಿನ 10 ಮೈಕ್ರಾನಿನ ಕಣವೊಂದು ನಿಶ್ಚಲವಾದ ಗಾಳಿಯಲ್ಲಿ ಸೆಕೆಂಡಿಗೆ 8 ಮಿಲಿಮೀಟರಿನಂತೆ ಇಳಿಯುತ್ತದೆ; ನಿಂತ ಮನುಷ್ಯನ ಮೂಗಿನ ಎತ್ತರದಿಂದ ನೆಲಕ್ಕೆ ಬರಲು ಸುಮಾರು ಮೂರು ನಿಮಿಷ ಬೇಕು. 1 ಮೈಕ್ರಾನಿನ ಕಣಕ್ಕೆ ಅದೇ ದೂರ ಇಳಿಯಲು ಐದು ಗಂಟೆಗೂ ಹೆಚ್ಚು ಕಾಲ ಬೇಕು. ಕಲ್ಲು ಕುಟ್ಟುವ ಸದ್ದು ನಿಂತು, ಕಾಣುವ ಧೂಳೆಲ್ಲ ಅಡಗಿ, ಗಾಳಿ ತಿಳಿಯಾದಂತೆ ತೋರಿದ ಮೇಲೂ ಕಾಣದ ಧೂಳು ಮೂಗಿನ ಮಟ್ಟದಲ್ಲಿ ತೇಲುತ್ತಲೇ ಇರುತ್ತದೆ.

ಈ ಕಣವೇ ಗಾಳಿಗೂಡಿನ ತನಕ ಹೋಗಬಲ್ಲದು. ಅಲ್ಲಿ ಗಾಳಿ ಹೆಚ್ಚು ಕಡಮೆ ನಿಂತೇ ಇರುತ್ತದೆ; ಬೀಳಬೇಕಾದ ದೂರವೋ ಮಿಲಿಮೀಟರಿನ ಐದನೆಯ ಒಂದು ಪಾಲು. ಕೋಣೆಯ ನೆಲವನ್ನು ಸೇರಲು ಐದು ಗಂಟೆ ಹಿಡಿದ ಕಣ ಗಾಳಿಗೂಡಿನ ತಳವನ್ನು ಎರಡು ಮೂರು ಸೆಕೆಂಡುಗಳಲ್ಲಿ ಮುಟ್ಟುತ್ತದೆ. ಇನ್ನೂ ಸಣ್ಣವು, ಎಂದರೆ ಮೈಕ್ರಾನಿನ ಹತ್ತನೆಯ ಒಂದು ಭಾಗಕ್ಕಿಂತ ಕಿರಿಯವು, ಗಾಳಿಯ ಅಣುಗಳ ಹೊಡೆತಕ್ಕೆ ಸಿಕ್ಕಿ ಅತ್ತಿತ್ತ ಅಲೆದು ಗೋಡೆಯನ್ನು ತಾಗುತ್ತವೆ. ಅರ್ಧ ಮೈಕ್ರಾನಿನ ಆಸುಪಾಸಿನವು ಮಾತ್ರ ಬೇಗ ಬೀಳಲೂ ಆರದೆ ಬೇಗ ಅಲೆಯಲೂ ಆರದೆ ಬಹುಪಾಲು ಹಿಂದಕ್ಕೆ ಬರುತ್ತವೆ. ಎದೆಯ ಆಳದ ಗಾಳಿ ಒಂದೇ ಉಸಿರಿನಲ್ಲಿ ಪೂರ್ತಿಯಾಗಿ ಬದಲಾಗುವುದಿಲ್ಲ. ಹಲವು ಉಸಿರುಗಳ ಕಾಲ ಅಲ್ಲೇ ಇರುತ್ತದೆ. ಟಿಂಡಲನ ಕಪ್ಪು ರಂಧ್ರದ ಗುಟ್ಟು ಇದೇ.

ಬಿದ್ದ ಧೂಳನ್ನು ಹೊರಹಾಕಲು ದೇಹದಲ್ಲಿ ಏರ್ಪಾಡಿದೆ. ನಾಳಗಳ ಒಳಮೈಯಲ್ಲಿ ಅಂಟಾದ ಲೋಳೆಯ ಲೇಪವೂ, ಅದರ ಕೆಳಗೆ ಅಸಂಖ್ಯಾತ ಸೂಕ್ಷ್ಮ ರೋಮಗಳೂ ಇವೆ. ಗಾಳಿಗೆ ತೊನೆಯುವ ಪೈರಿನಂತೆ ರೋಮಗಳು ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ ಬಡಿಯುತ್ತ, ಧೂಳು ಹತ್ತಿದ ಲೋಳೆಯನ್ನು ಗಂಟಲಿನ ಕಡೆಗೆ ಸಾಗಿಸುತ್ತವೆ. ಬೀಡಿ ಸಿಗರೇಟುಗಳ ಹೊಗೆ ಈ ರೋಮಗಳನ್ನು ಕುಂಠಿತಗೊಳಿಸುತ್ತದೆ, ಕಾಲಕ್ರಮದಲ್ಲಿ ನಾಶ ಮಾಡುತ್ತದೆ. ಬಹುಕಾಲ ಹೊಗೆ ಸೇದಿದವರ ಬೆಳಗಿನ ಕೆಮ್ಮು, ರೋಮಗಳು ಮಾಡಬೇಕಾಗಿದ್ದ ಕೆಲಸವನ್ನು ಎದೆಯ ಸ್ನಾಯುಗಳು ಮಾಡುತ್ತಿರುವುದರ ಸದ್ದು.

ಗಾಳಿಗೂಡುಗಳಲ್ಲಿ ರೋಮಗಳಿಲ್ಲ. ಅಲ್ಲಿ ಭಕ್ಷಕ ಜೀವಕೋಶಗಳೆಂಬ ಕಾವಲುಗಾರರು ತಿರುಗಾಡುತ್ತ, ಸಿಕ್ಕ ಕಣಗಳನ್ನೂ ರೋಗಾಣುಗಳನ್ನೂ ನುಂಗುತ್ತವೆ. ಆದರೆ ಬೆಣಚುಕಲ್ಲಿನ ಕಣ, ಎಂದರೆ ಸಿಲಿಕ, ನುಂಗಿದ ಕೋಶವನ್ನೇ ಕೊಲ್ಲುತ್ತದೆ. ಸತ್ತ ಕೋಶ ಒಡೆದು ಕಣ ಮತ್ತೆ ಹೊರಬೀಳುತ್ತದೆ, ಇನ್ನೊಂದು ಕೋಶ ಬಂದು ಅದನ್ನು ನುಂಗುತ್ತದೆ, ಅದೂ ಸಾಯುತ್ತದೆ. ಈ ಕಾದಾಟ ನಡೆದ ಕಡೆಗಳಲ್ಲೆಲ್ಲ ಮೃದುವಾದ ಪೊರೆಯ ಬದಲು ಗಾಯದ ಕಲೆಯಂತಹ ಗಟ್ಟಿ ಗಂಟುಗಳು ಬೆಳೆಯುತ್ತವೆ. ಶ್ವಾಸಕೋಶ ಬಿಗಿದುಕೊಂಡು, ಮೆಟ್ಟಲು ಹತ್ತುವುದೇ ಬೆಟ್ಟ ಹತ್ತಿದಂತಾಗುತ್ತದೆ. ಕ್ಷಯ ಸುಲಭವಾಗಿ ಅಂಟಿಕೊಳ್ಳುತ್ತದೆ. ಸಿಲಿಕೋಸಿಸ್ ಎಂಬ ಈ ವ್ಯಾಧಿಗೆ ಗುಣವಾಗುವ ಚಿಕಿತ್ಸೆ ಇಂದಿಗೂ ಇಲ್ಲ. ಧೂಳಿನ ಕೆಲಸವನ್ನು ಬಿಟ್ಟ ಮೇಲೂ ಅದು ಬೆಳೆಯುತ್ತ ಹೋಗಬಹುದು.

ನಮ್ಮ ನಾಡಿನ ಕೋಲಾರದ ಗಣಿಗಳಲ್ಲಿ ಚಿನ್ನವಿದ್ದುದು ಬೆಣಚುಕಲ್ಲಿನ ಎಳೆಗಳಲ್ಲಿಯೇ. ಮೂರು ಕಿಲೋಮೀಟರಿಗೂ ಮಿಕ್ಕಿದ ಆಳದಲ್ಲಿ ಆ ಕಲ್ಲನ್ನು ಕೊರೆದವರು, ಸಿಡಿಸಿದವರು ಉಸಿರಾಡಿದ್ದು ಈ ಧೂಳನ್ನು. 1940ರ ದಶಕದಲ್ಲಿ ಗಣಿಯ ವೈದ್ಯರು ಕಾರ್ಮಿಕರ ಎದೆಯ ಎಕ್ಸ್‌ರೇ ಚಿತ್ರಗಳನ್ನು ಪರೀಕ್ಷಿಸಿದಾಗ ಸಿಲಿಕೋಸಿಸ್ ವ್ಯಾಪಕವಾಗಿರುವುದು ಬೆಳಕಿಗೆ ಬಂದಿತು. ಗಣಿಗಳು 2001ರಲ್ಲಿ ಮುಚ್ಚಿದುವು. ಚಿನ್ನದ ಕಥೆಯನ್ನು ನಾವು ಅನೇಕ ಸಲ ಕೇಳಿದ್ದೇವೆ. ಅದನ್ನು ಅಗೆದವರ ಎದೆಯ ಕಥೆಯನ್ನು ಕೇಳಿದ್ದು ಕಡಮೆ.

ಪರಿಹಾರವೂ ಸ್ಟೋಕ್ಸನ ನಿಯಮದಿಂದಲೇ ಹೊಳೆಯುತ್ತದೆ. ಸೂಕ್ಷ್ಮ ಧೂಳು ಒಮ್ಮೆ ಗಾಳಿಗೇರಿತೆಂದರೆ ಗಂಟೆಗಟ್ಟಲೆ ಇಳಿಯುವುದಿಲ್ಲ. ಬಾಯಿಗೆ ಸುತ್ತಿದ ಟವೆಲ್ಲಿನ ಎಳೆಗಳ ನಡುವಣ ತೆರಪು ಅದಕ್ಕೆ ಹೆಬ್ಬಾಗಿಲು. ಆದ್ದರಿಂದ ಅದನ್ನು ಹುಟ್ಟುವಲ್ಲಿಯೇ ಹಿಡಿಯಬೇಕು. ಕೊರೆಯುವ ಸಲಾಕಿಯನ್ನು ಟೊಳ್ಳಾಗಿ ಮಾಡಿ, ಅದರೊಳಗಿಂದ ತುದಿಯ ತನಕ ನೀರನ್ನು ಹರಿಸಿದರೆ ಪುಡಿಯಾದ ಕಲ್ಲು ಧೂಳಾಗದೆ ಕೆಸರಾಗಿ ಹೊರಬರುತ್ತದೆ. ಇಷ್ಟು ಸರಳವಾದ ಉಪಾಯ ತಿಳಿದು ನೂರು ವರ್ಷ ಕಳೆದರೂ, ಒಣಕಲ್ಲನ್ನು ಕೊರೆದು ಉಜ್ಜುವ ಕೆಲಸ ನಮ್ಮ ದೇಶದಲ್ಲಿ ಇನ್ನೂ ನಿಂತಿಲ್ಲ.

ಗಣಿಯ ಮಾತು ದೂರದ್ದೆನ್ನುವವರು ಅಡಿಗೆಮನೆಯನ್ನು ನೋಡಬಹುದು. ಸೌದೆ, ಬೆರಣಿಗಳ ಹೊಗೆಯಲ್ಲಿ ಹೆಚ್ಚಿನ ಕಣಗಳು 1 ಮೈಕ್ರಾನಿಗಿಂತ ಚಿಕ್ಕವು. ಗಾಳಿಗೂಡನ್ನು ತಲಪಲು ಅವಕ್ಕೆ ಯಾವ ಅಡ್ಡಿಯೂ ಇಲ್ಲ. ಊದುಕೊಳವೆ ಹಿಡಿದು ಒಲೆಯ ಮುಂದೆ ಬಾಗಿದ ತಾಯಿ, ಅವಳ ಮಡಿಲಲ್ಲಿನ ಕೂಸು, ಇಬ್ಬರೂ ದಿನಕ್ಕೆ ಹಲವು ಗಂಟೆಗಳ ಕಾಲ ಅದನ್ನೇ ಉಸಿರಾಡುತ್ತಾರೆ. ಬೀಡಿಯನ್ನು ಮುಟ್ಟದ ಹೆಂಗಸರಲ್ಲಿಯೂ ಹೊಗೆ ಸೇದುವವರಂತೆ ಶ್ವಾಸನಾಳಗಳು ಕೆಡುವುದು ಇದರಿಂದಲೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ವಿಭಾಗದವರು, ಹಳ್ಳಿಯ ಮಣ್ಣಿನಿಂದಲೇ ಕಟ್ಟಬಹುದಾದ ಒಲೆಯೊಂದನ್ನು ರೂಪಿಸಿದರು. ಒಂದೇ ಉರಿಯಲ್ಲಿ ಮೂರು ಪಾತ್ರೆಗಳು ಕಾಯುತ್ತವೆ. ಕೊನೆಯ ಪಾತ್ರೆಯ ಆಚೆ ಒಂದು ಕೊಳವೆ ಮೇಲೇರಿ ಮಾಡನ್ನು ದಾಟುತ್ತದೆ. ಬಿಸಿಯಾದ ಗಾಳಿ ಹಗುರವಾದ್ದರಿಂದ ಕೊಳವೆಯಲ್ಲಿ ತಾನಾಗಿ ಏರುತ್ತ ಹೊಗೆಯನ್ನೂ ತನ್ನೊಡನೆ ಸೆಳೆದೊಯ್ಯುತ್ತದೆ. ಕೊಳವೆಯಲ್ಲಿ ಮಸಿ ಕಟ್ಟಿಕೊಂಡರೆ ಹೊಗೆ ಮತ್ತೆ ಕೋಣೆಗೇ ತಿರುಗುವುದರಿಂದ ಅದನ್ನು ಆಗಾಗ ಗುಡಿಸಬೇಕು.